ಬಾರ್ಲಿ, ಕಿತ್ತಳೆ, ಅಳಿಸಿದ ಒಂದು ಸಾಲು

ಧಾನ್ಯದ ಪೊಟ್ಟಣಗಳ ಬೆನ್ನಿಗೆ ಪೌಷ್ಟಿಕಾಂಶದ ಪಟ್ಟಿ ಜೋಡಿಸುವುದು ಅವನ ಕೆಲಸ. ಜನ ಕನ್ನಡಕ ಹುಡುಕುವಷ್ಟರಲ್ಲಿ ಕಸದ ಬುಟ್ಟಿ ಸೇರುವ ಸಾಹಿತ್ಯ. ಆದರೂ ಜಂಬಕ್ಕೇನೂ ಕಮ್ಮಿಯಿರಲಿಲ್ಲ. ಆಫೀಸಿನಲ್ಲಿ ಅವನಿಗೆ 'ಮಿಲಿಗ್ರಾಂ' ಎಂದೇ ಹೆಸರು. ತುಂಬಿದ ಕೊಡ ತುಳುಕುವುದಿಲ್ಲವಂತೆ. ಇವನದು ಅರೆಗೊಡ, ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ತುಳುಕುತ್ತಿತ್ತು.

ಆ ಕೆಲಸದಲ್ಲಿ ಒಂದು ಕಟ್ಟಳೆ: ಸೊನ್ನೆ ಬಂದ ಸಾಲನ್ನು ಅಳಿಸಬೇಕು. ಇಲ್ಲದ್ದನ್ನು ಅಚ್ಚು ಹಾಕಿ ಜಾಗ ಯಾಕೆ ಕೆಡಿಸಬೇಕು ಎಂಬುದು ಮೇಲ್ವಿಚಾರಕರ ವಾದ. ಮಿಲಿಗ್ರಾಂ ದಿನಕ್ಕೆ ಇಪ್ಪತ್ತು ಸೊನ್ನೆ ಅಳಿಸುತ್ತಿದ್ದ.

ಕರುಳಿನ ಆಪರೇಷನ್ ಆದ ಮೇಲೆ ಅವನಮ್ಮನ ಹೊಟ್ಟೆಗೆ ಒಗ್ಗುತ್ತಿದ್ದುದು ಮೂರೇ: ಬಾರ್ಲಿ ಗಂಜಿ, ಹಾಲು, ಮಧ್ಯಾಹ್ನಕ್ಕೊಂದು ಕಿತ್ತಳೆ. ಒಂದು ಭಾನುವಾರ ಅವನು ತಾನೇ ಪಟ್ಟಿ ಜೋಡಿಸಿದ್ದ ಬಾರ್ಲಿ ಪೊಟ್ಟಣದ ಸಾಲುಗಳನ್ನು ಬರೆದುಕೊಂಡು, ಪಕ್ಕದಲ್ಲಿ ಕಿತ್ತಳೆಯ ಅಂಕಿಗಳನ್ನು ತುಂಬಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

"ನೋಡಮ್ಮ, ನೂರು ಗ್ರಾಂ ಬಾರ್ಲಿಲಿ ಪ್ರೋಟೀನ್ ಹತ್ತು ಗ್ರಾಂ. ಕಿತ್ತಳೇಲಿ ಒಂದೂ ತುಂಬಲ್ಲ. ನಾರು ಇದರಲ್ಲಿ ಹದಿನೈದು, ಅದರಲ್ಲಿ ಎರಡೂವರೆ. ಹಣ್ಣು ಅಂದ್ರೆ ಬಣ್ಣದ ನೀರು, ಅಷ್ಟೇ."

"ಅಮ್ಮ ಏನು ನೂರು ಗ್ರಾಂ ಹಸಿ ಬಾರ್ಲಿನ ಕಟಕಟ ಕಡೀತಾಳೇನೋ?" ಎಂದಳು ಅಕ್ಕ. "ಗಂಜಿಗೆ ಹಾಕೋದು ಎರಡು ಚಮಚ. ಮಿಕ್ಕಿದ್ದು ಬಣ್ಣ ಇಲ್ಲದ ನೀರು."

"ನಿಂಗೇನಕ್ಕ ಗೊತ್ತು? ಪಟ್ಟಿ ಮಾಡೋನು ನಾನು."

"ಓದಿದ ಮಗ ಹೇಳ್ತಾನೆ, ಹಾಗೇ ಆಗ್ಲಿ ಬಿಡು," ಎಂದಳು ಅಮ್ಮ. ಕಿತ್ತಳೆಯ ಜಾಗಕ್ಕೆ ಇನ್ನೊಂದು ಬಟ್ಟಲು ಗಂಜಿ ಬಂತು.

ನಾಲ್ಕು ತಿಂಗಳಿಗೆ ಅಮ್ಮನ ಹಲ್ಲುಜ್ಜುವ ಬ್ರಷ್ಷು ಕೆಂಪಾಯಿತು. ಕಾಲಿನ ಮೇಲೆ ಏಟಿಲ್ಲದೆ ನೀಲಿ ಕಲೆ. ಮುಂದಿನ ಎರಡು ಹಲ್ಲು ಅಲ್ಲಾಡಿ, ಒಂದೇ ವಾರದಲ್ಲಿ ಉದುರಿದವು.

ಡಾಕ್ಟರು ಊಟದ ವಿವರವೆಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಸಿ ವಿಟಮಿನ್ ಎಲ್ಲಿಂದ ಬರ್ಬೇಕಪ್ಪ? ಬಾರ್ಲಿಲಿ ಸೊನ್ನೆ. ಇದ್ದದ್ದು ಆ ಕಿತ್ತಳೇಲಿ, ಅದನ್ನೂ ನಿಲ್ಲಿಸಿದ್ದೀರಿ."

"ಪಟ್ಟೀಲಿ ಆ ಸಾಲೇ ಇರ್ಲಿಲ್ಲ ಡಾಕ್ಟ್ರೇ..." ಎಂದ. ಆ ಸಾಲನ್ನು ಅಳಿಸಿದ ಕೈ ಯಾರದೆಂದು ಅವನಿಗೆ ಗೊತ್ತಿತ್ತು.

"ಮಾತ್ರೆ ಕೊಡ್ತೀನಿ. ಹಣ್ಣೂ ಕೊಡಿ. ರಕ್ತ ನಿಲ್ಲುತ್ತೆ."

"ಹಲ್ಲು?"

"ಹೋದದ್ದು ಹೋಯ್ತು."

ಮನೆಗೆ ಬಂದವನೇ ಕಿತ್ತಳೆ ಸುಲಿದ. ನಾರು, ಬೀಜ ಎಲ್ಲ ತೆಗೆದು ಒಂದು ತೊಳೆಯನ್ನು ಅಮ್ಮನ ಬಾಯಿಗಿಟ್ಟ. ಹುಳಿ ಹುಣ್ಣಾದ ಒಸಡಿಗೆ ತಾಗಿದ್ದೇ ಅಮ್ಮ ಕಣ್ಣು ಮುಚ್ಚಿ ಮಂಚದ ಅಂಚು ಹಿಡಿದಳು. ರಸ ಗಲ್ಲಕ್ಕಿಳಿಯಿತು.

"ಉರೀತದೆ ಕಣೋ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಸೆರಗಿನಲ್ಲಿ ಗಲ್ಲ ಒರೆಸಿಕೊಂಡು ಅಮ್ಮ ಹಲ್ಲುದುರಿದ ಬಾಯಲ್ಲಿ ನಗಲು ನೋಡಿದಳು. "ಉರಿ ಎಷ್ಟು ಮಿಲಿಗ್ರಾಂ ಅಂತ ಬರ್ಕೊಂಡಿದ್ದೀಯೇನೋ?"

ಅವನು ಇನ್ನೊಂದು ತೊಳೆಯನ್ನು ಅಮ್ಮನ ಬಾಯಿ ಹತ್ತಿರ ಒಯ್ದ.

"ಸ್ವಲ್ಪ ತಡಿ. ಉರಿ ಇಳೀಲಿ, ತಿಂತೀನಿ."

ಮಿಲಿಗ್ರಾಂ ಎರಡನೇ ತೊಳೆಯನ್ನು ಬೆರಳಲ್ಲಿ ಹಿಡಿದು ಕೂತ. ತಟ್ಟೆಯಲ್ಲಿ ಇನ್ನೂ ಎಂಟಿದ್ದವು.