ಕುಣಿಯಲ್ಲಿ ಬಿದ್ದನೆಂಬ ಮಾತು

ಆ ಬೆಳಿಗ್ಗೆ ಅಣ್ಣ ಮಲ್ಲಪ್ಪನೂ ನಾನೂ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಜೋಡಿಸುತ್ತ ಕುಳಿತಿದ್ದೆವು. ಇಳಕಲ್ಲಿನ ನಮ್ಮ ಮನೆಯಲ್ಲಿ ಅದು ಇಬ್ಬರ ಕೆಲಸ. ಒಬ್ಬರ ಗಮನ ತಪ್ಪಿದರೆ ಇಬ್ಬರ ಶ್ರಮವೂ ಹಾಳು.

"ಕಣ್ಣು ಎಳಿ ಮ್ಯಾಲ ಇರ್ಲಿ ತಂಗಿ, ಓಣಿ ಮ್ಯಾಲ ಅಲ್ಲ," ಎಂದ.

"ಓಣ್ಯಾಗ ನೋಡೂವಂಥಾವ್ರು ಯಾರದಾರ ಬಿಡೋ," ಎಂದೆ. ನಕ್ಕ.

ಮಧ್ಯಾಹ್ನ ಪೊಲೀಸರು ಬಂದು ಅಣ್ಣನನ್ನು ಹಿಡಿದುಕೊಂಡು ಹೋದರು. ತುರ್ತು ಪರಿಸ್ಥಿತಿಯ ಕಾಲ. ನೇಕಾರರ ಕೂಲಿಯ ಬಗ್ಗೆ ಸಭೆ ಕರೆದದ್ದೇ ಅವನ ತಪ್ಪು. ಆರನೆಯ ದಿನ ಬಿಟ್ಟಾಗ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮೆಟ್ಟು ತುಳಿಯುವ ಆ ಅಂಗಾಲುಗಳು ಒಡೆದು ಬಾತಿದ್ದವು. ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಮತ್ತೆ ಹಿಡಿದುಕೊಂಡು ಹೋದಾರೆಂಬ ಭಯದಿಂದ ನಾನೇ ಹೇಳಿದೆ: "ಮಗ್ಗದ ಕುಣ್ಯಾಗ ಬಿದ್ದಾನ್ರಿ." ಅವರು ಹಾಗೆಯೇ ಬರೆದುಕೊಂಡರು.

ಓಣಿಯವರೂ ನಮ್ಮ ಮೇಲಿನ ಅಕ್ಕರೆಯಿಂದ ಅದೇ ಮಾತನ್ನು ಹಿಡಿದರು. ಪ್ರೀತಿಯಿಂದ ಹೇಳಿದ ಸುಳ್ಳು ಎಷ್ಟು ಬೇಗ ಎಲ್ಲರ ಸ್ವತ್ತಾಗುತ್ತದೆ, ನೋಡಿ. ಅಣ್ಣನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಅದರಡಿ ನೆರಳು ಸಿಕ್ಕಿತು. ಅವನು ಮಾತು ಬಿಟ್ಟ.

ಆ ಕಾಲ ಮುಗಿದ ಮೇಲೆ ಬಾಗಲಕೋಟೆಯಿಂದ ಶಾಂತಾಬಾಯಿ ಬರತೊಡಗಿದರು. ಹೀಗೆ ಪೊಲೀಸರ ಪೆಟ್ಟು ತಿಂದವರ ಮನೆಗಳಿಗೆ ಹೋಗಿ ಜೊತೆಗಿರುವುದೇ ಅವರ ಕೆಲಸ. ಅವರು ಏನೂ ಕೇಳಲಿಲ್ಲ. ವಾರವಾರವೂ ಬಂದು, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತ ಕೂರುತ್ತಿದ್ದರು. ಅದೂ ತೀರ ಕೆಟ್ಟದಾಗಿ. ಕೊನೆಗೆ ಅಣ್ಣನಿಗೇ ತಡೆಯಲಾಗಲಿಲ್ಲ.

"ಅಕ್ಕಾರ, ಸಡಿಲ ಆತ್ರಿ. ನೂಲು ಏನ್ ಪಾಪ ಮಾಡೇತ್ರಿ?"

ಸ್ವಲ್ಪ ಹೊತ್ತಿನ ಮೇಲೆ, "ನಾ ಕುಣ್ಯಾಗ ಬಿದ್ದಿಲ್ರಿ," ಎಂದ.

ಅದನ್ನೇ ಓಣಿಯವರ ಎದುರು ಹೇಳಲು ಅವನಿಗೆ ಮತ್ತೆ ಹಲವು ತಿಂಗಳು ಬೇಕಾದವು. ಶಾಂತಾಬಾಯಿ ಅಷ್ಟರಲ್ಲಿ ಮನೆಮನೆಗೆ ಹೋಗಿ, "ಸಮಾಧಾನ ಹೇಳಬ್ಯಾಡ್ರಿ, ಬರೇ ಕೇಳ್ರಿ," ಎಂದು ಬಂದಿದ್ದರು. ಎಲ್ಲರೂ ಕೂತು ಕೇಳಿದರು. ಎದುರುಮನೆಯ ಗೌರವ್ವ, "ನಾವೂ ಸುಳ್ಳ ಹೇಳಿದ್ವಿ ತಮ್ಮಾ," ಎಂದು ತಲೆ ತಗ್ಗಿಸಿದಳು. ಆ ದಿನ ಅಣ್ಣ ಹೊಟ್ಟೆ ತುಂಬ ಉಂಡ.

ಬಳಿಕ ದೂರು ಕೊಡಲು ಹುನಗುಂದಕ್ಕೆ ಹೋದೆವು. ದವಾಖಾನೆಯ ಕಾಗದ ಅಡ್ಡ ಬಂತು. ಅಂದು ನಾನು ಹೇಳಿದ್ದು ಸುಳ್ಳೆಂದು ಬರೆದುಕೊಟ್ಟೆ. ಹಾಗಾದರೆ ಈಗಿನದೂ ಸುಳ್ಳಿರಬೇಕು ಎಂದರು ಅಲ್ಲಿಯ ಅಧಿಕಾರಿಗಳು. ಹಿಂದಿರುಗುವ ಬಸ್ಸಿನಲ್ಲಿ ಅಣ್ಣ, "ಹೆದರಿದ್ದಿ ನೀ, ಅಷ್ಟ," ಎಂದನೇ ಹೊರತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ.

ಅವನು ಹೋದ ವರ್ಷ ತೀರಿಕೊಂಡ. ಅವನನ್ನು ಹೊಡೆದರೆಂದು ಬರೆದ ಕಾಗದ ಇನ್ನೂ ಒಂದೂ ಇಲ್ಲ.