ಎರಡು ಬೆರಳು ಲೂಸ್

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ನಮಗೊಬ್ಬ ಟೈಲರ್ ಇದ್ದ. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ‘ಲೂಸ್’ ಒಂದೇ. ಹೊಟ್ಟೆ ಕೆಟ್ಟರೆ ಲೂಸು, ಬಿಡಿಯಾಗಿ ತಂದ ಟೀಪುಡಿ ಲೂಸು, ಬೇಗ ಹೊಲಿದುಕೊಡು ಅನ್ನುವವರೆಲ್ಲ ಲೂಸುಗಳು. ರವಿಕೆಯಂತೂ ಸದಾ ಲೂಸೇ. ಅಳತೆಯ ಮೇಲೆ ಎರಡು ಬೆರಳು ಸೇರಿಸಿಯೇ ಕತ್ತರಿ ಹಾಕುತ್ತಿದ್ದ. "ಮೈ ಬೆಳೆಯುತ್ತೆ ಪಾಟಿ, ಬಟ್ಟೆ ಬೆಳೆಯಲ್ಲ" ಅನ್ನುತ್ತಿದ್ದ. ಅಜ್ಜಿಯರೆಲ್ಲ ಅವನಿಗೆ ಪಾಟಿ.

ನನ್ನ ಮೊಮ್ಮಗಳ ಮದುವೆಗೆ ಒಂದೇ ಕೆಂಪು ರೇಷ್ಮೆಯಲ್ಲಿ ನನಗೂ ಅವಳಿಗೂ ರವಿಕೆ ಹೊಲಿದ. ಅವಳು, "ಅಣ್ಣಾ, ನಂದು ಲೂಸ್ ಒಲಿದ್ರೆ ನಿನ್ ಮಿಷನ್ ಬಾವಿಗೆ ಎಸೀತೀನಿ" ಅಂದಳು. ಹೆದರಿ ಬಿಗಿಯಾಗಿ ಹೊಲಿದುಕೊಟ್ಟ. ಆಮೇಲೆ ಮದುವೆ ಹೆಣ್ಣೆಂದು ನೆಂಟರೆಲ್ಲ ಮನೆಮನೆಗೆ ಕರೆದು ಅವಳಿಗೆ ಒಬ್ಬಟ್ಟು ತುರುಕಿದರು.

ಬಂಗಾರಪೇಟೆಯ ಛತ್ರದಲ್ಲಿ, ಮುಹೂರ್ತದ ಹೊತ್ತಿಗೆ, ಅವಳ ರವಿಕೆಯ ಒಂದು ಹುಕ್ಕೂ ಕೂಡಲಿಲ್ಲ. ಅವಳು ಅಳುತ್ತಾ ಕೂತಳು. ಹೊರಗೆ ಪುರೋಹಿತರು "ಹೆಣ್ಣು ಬರಲಿ" ಅಂತ ಕೂಗುತ್ತಿದ್ದರು. ಊಟಕ್ಕೆ ಬಂದಿದ್ದ ಟೈಲರನ್ನು ಎಳೆದು ತಂದೆವು. ಅವನು ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಂತು, "ಪಾಟಿ, ನಿಮ್ದು ಬಿಚ್ಚಿಕೊಡಿ" ಅಂದ.

"ಥೂ ನಿನ್ನ! ನಾನೇನ್ ತೊಡ್ಲಿ?"

"ಮೊಮ್ಮಗಳ್ದು ತೊಡ್ಕಳಿ. ನಿಮ್ಮನ್ ಯಾರ್ ನೋಡ್ತಾರೆ?"

ನನ್ನದು ಅವಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಾನು ಮೊದಲೇ ದಪ್ಪ. ಅವಳದರಲ್ಲಿ ಹೇಗೋ ತೋಳು ತೂರಿಸಿ, ಹುಕ್ಕು ಹಾಕದೆ, ಸೆರಗನ್ನು ಕತ್ತಿನವರೆಗೆ ಹೊದ್ದು ಧಾರೆ ನೋಡಲು ಕೂತೆ. ಬೀಗಿತ್ತಿ ತನ್ನ ಹಿರಿಸೊಸೆಗೆ ನನ್ನನ್ನು ತೋರಿಸಿ, "ನೋಡಿ ಕಲ್ತುಕೋ, ಸೆರಗು ಅಂದ್ರೆ ಅಂಗಿರ್ಬೇಕು" ಅಂದಳು.