ಹೊಂಬಾಳಮ್ಮ ಮಾಡಿದ ಬಾಣಂತನ

ಆತಗೂರಿನ ಸೂಲಗಿತ್ತಿ ಹೊಂಬಾಳಮ್ಮನ ಕೈ ಎಂದರೆ ಸುತ್ತಲ ಹಳ್ಳಿಗಳಲ್ಲಿ ಅಂಥ ಹೆಸರು. ಚುನಾವಣೆಗೆ ಸಾಲು ನಿಂತವರಲ್ಲಿ ಅರ್ಧಕ್ಕರ್ಧ ಜನರನ್ನು ಮೊದಲು ತಲೆಕೆಳಗಾಗಿ ಹಿಡಿದು ನೋಡಿದವಳು ಅವಳೇ. ಅವಳು ಗದರಿದರೆ ಅಡ್ಡ ತಿರುಗಿದ ಕೂಸೂ ಒಳಗೇ ನೆಟ್ಟಗಾಗಿ, ಕೈಮುಗಿದುಕೊಂಡು ಹೊರಗೆ ಬರುತ್ತಿತ್ತಂತೆ.

ಅವಳದು ಒಂದೇ ಕಟ್ಟಳೆ. ಕೂಸು ಅಲುಗುವ ಮುಂಚೆ ಅದು ಬರೀ ನಿಂತ ಮುಟ್ಟು; ಅಲುಗಿದ ಮೇಲೆ ಜೀವ. ನಿಂತ ಮುಟ್ಟಿಗೆ ಕಷಾಯ ಕೊಟ್ಟಾಳು, ಜೀವಕ್ಕೆ ಕೈ ಹಚ್ಚಳು. ಅಲುಗಿದ್ದನ್ನು ತೆಗೆಸಲು ಬಂದವರು ಎಷ್ಟು ದೊಡ್ಡ ಮನೆಯವರಾದರೂ ಅಂಗಳದಿಂದಲೇ ಅಟ್ಟುತ್ತಿದ್ದಳು.

೧೯೭೪ರಲ್ಲಿ ಆ ಕಟ್ಟಳೆ ಅವಳ ಮನೆಯೊಳಗೇ ಬಂದು ಕೂತಿತು. ಸೊಸೆ ಪಟ್ಟಲಮ್ಮನಿಗೆ ಮೂರನೆಯ ಬಸಿರು. ಕಣ್ಣು ಬಿದ್ದೀತು, ಮೂರು ತಿಂಗಳು ತುಂಬುವವರೆಗೆ ಯಾರೂ ಬಾಯಿ ಬಿಡಬಾರದು ಎಂಬುದು ಹೊಂಬಾಳಮ್ಮನದೇ ಅಪ್ಪಣೆ. ಸೊಸೆ ಬಸಿರಿನ ಜೊತೆಗೆ ತನ್ನ ಏದುಸಿರನ್ನೂ ಮುಚ್ಚಿಟ್ಟಳು. ನಾಲ್ಕು ತುಂಬಿ, ಕೂಸು ಅಲುಗಿದ ವಾರದಲ್ಲೇ ಬಿಂದಿಗೆ ಸಮೇತ ಬಾವಿಕಟ್ಟೆಯ ಮೇಲೆ ಕುಸಿದಳು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಕನಕಲಕ್ಷ್ಮಿ ಅವಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಹೃದಯದ ಕವಾಟ ಕಿರಿದಾಗಿದೆಯಮ್ಮ. ಹೆರಿಗೆವರೆಗೂ ತಡೆಯೋದು ಕಷ್ಟ. ಈಗ ಕಾಯಿದೆ ಬಂದಿದೆ, ಬಸಿರು ತೆಗೀಬಹುದು. ಮೂರು ತಿಂಗಳೊಳಗೆ ಬಂದಿದ್ರೆ ನಾನೊಬ್ಬಳೇ ಸಾಕಿತ್ತು. ಈಗ ಇನ್ನೊಬ್ಬ ಡಾಕ್ಟರೂ ಒಪ್ಪಬೇಕು."

ಆ ಇನ್ನೊಬ್ಬರು ಅನಂತರಾಮು. ಅವರೂ ಒಪ್ಪಿದರು. ಒಪ್ಪಿ ಸುಮ್ಮನಿರಲಿಲ್ಲ.

"ವೆಲ್ಲೂರಲ್ಲಿ ಬಸುರಿಯರಿಗೂ ಎದೆ ಕೊಯ್ದು ಕವಾಟ ಬಿಡಿಸ್ತಾರೆ. ಇಬ್ಬರೂ ಉಳೀಬಹುದು, ಇಬ್ಬರೂ ಹೋಗಲೂಬಹುದು. ಹೇಳೋದು ನನ್ನ ಧರ್ಮ."

ಹೊಂಬಾಳಮ್ಮ ಸಿಡುಕಿದಳು. "ಇದೇನ್ ಬುದ್ಧಿ! ನಮ್ಮತ್ತೆ ಕಾಲ್ದಲ್ಲಿ ಸಾಯೋರು ಸಾಯೋರು, ಉಳಿಯೋರು ಉಳಿಯೋರು. ನೀವು ಎಲ್ಡೆಲ್ಡು ದಾರಿ ತೋರ್ಸಿ ತಲೆ ಕೆಡಿಸ್ತೀರಲ್ಲ!"

ಅವಳ ಮಗ, ಪಟ್ಟಲಮ್ಮನ ಗಂಡ ಪುಟ್ಟರಾಜು ಹೆಬ್ಬೆರಳು ಚಾಚಿ ಮುಂದೆ ಬಂದ. "ಎಲ್ಲಿ ಒತ್ಬೇಕು ಏಳಿ."

"ನಿಂದು ಬೇಡಪ್ಪ," ಎಂದರು ಕನಕಲಕ್ಷ್ಮಿ. "ಅವಳ ಒಪ್ಪಿಗೆ ಬೇಕು."

ಮೂರು ತಲೆಮಾರಿನ ಗಂಡಸರ ಪರವಾಗಿ ಬಂದಿದ್ದ ಆ ಹೆಬ್ಬೆರಳು, ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು.

ಪಟ್ಟಲಮ್ಮ ಉಸಿರು ಕೂಡಿಸಿಕೊಂಡು ಹೇಳಿದಳು. "ಎಲ್ಡು ಮಕ್ಳು ಮನೇಲವೆ ಕಣತ್ತೆ. ಅವಕ್ಕೆ ನಾ ಬೇಕು. ಇದು ಬ್ಯಾಡ. ಎದೆ ಆಮ್ಯಾಕೆ ಕುಯ್ಸ್ಕತೀನಿ."

"ಅಲುಗೈತೆ ಕಣಮ್ಮಿ!"

"ಗೊತ್ತು. ಅಲುಗಿದ್ದು ನನ್ನೊಳ್ಗೇ ತಾನೆ?"

ಹೊಂಬಾಳಮ್ಮ ಸೊಸೆಯ ಬಿಚ್ಚಿದ ತುರುಬನ್ನು ಕಟ್ಟಿ, ಹೊರಗಿನ ಜಗಲಿಯ ಮೇಲೆ ಹೋಗಿ ಕೂತಳು.

ಪಟ್ಟಲಮ್ಮ ಬಸಿರು ತೆಗೆಸಿಕೊಂಡು, ಉಳಿದು ಮನೆಗೆ ಬಂದಳು. ಹೋದ ಬಸಿರಿಗೆ ಬಾಣಂತನ ಮಾಡುವ ಪದ್ಧತಿ ಆ ಊರಿಗಿರಲಿಲ್ಲ. ತಲೆಗೆ ನೀರು ಹುಯ್ದು ಗದ್ದೆಗೆ ಕಳಿಸುವುದೇ ರೂಢಿ. ಹೊಂಬಾಳಮ್ಮ ಮಾತ್ರ ಸೊಸೆಯನ್ನು ಕೋಣೆಯಲ್ಲಿ ಮಲಗಿಸಿ, ಹಂಡೆ ನೀರು ಕಾಯಿಸಿ, ಮೆಣಸು ಬೆಳ್ಳುಳ್ಳಿ ಅರೆದು ಬಾಣಂತಿಯ ಖಾರ ಕಾಸಿದಳು. ಆ ಘಾಟಿಗೆ ಮದ್ದೂರಲ್ಲಿ ರೈಲು ಇಳಿದವರೂ ಸೀನಿದರು.

ಪಕ್ಕದ ಮನೆಯ ಚಿಕ್ಕಬೋರಮ್ಮ ಮೂಗು ಮುಚ್ಚಿಕೊಂಡೇ ಇಣುಕಿದಳು. "ಅಲ್ಲ ಕಣಕ್ಕ, ಕೂಸೇ ಇಲ್ಲ. ಯಾರ್ಗೆ ಬಾಣಂತನ ಮಾಡ್ತಿದ್ದೀಯೆ?"

"ಎತ್ತ ತಾಯಿ ಒಳ್ಗವ್ಳೆ," ಎಂದಳು ಹೊಂಬಾಳಮ್ಮ. "ಬಂದಿದ್ದೀಯಲ್ಲ, ಆ ಕೆಂಡ ಇತ್ಲಾಗ್ ತಕ್ಕೊಂಡು ಬಾ. ಸಾಂಬ್ರಾಣಿ ಆಕ್ಬೇಕು."